ಸಾಂಕ್ರಾಮಿಕ ಕಾಲದ ಅಂಗನವಾಡಿ: ಮಂಡ್ಯ, ಮದ್ದೂರು, ಮಳವಳ್ಳಿ

ಸಾಂಕ್ರಾಮಿಕ ರೋಗ ಹಬ್ಬಿದಾಗ ಒಂದನೇ ತರಗತಿಗೆ ಇನ್ನೂ ಸೇರದ ಮಕ್ಕಳನ್ನು ನೋಡಿಕೊಳ್ಳುವ ಜಾಗಗಳನ್ನು ಹೇಗೆ ನಡೆಸಬೇಕು, ಯಾವಾಗ ಮುಚ್ಚಬೇಕು, ಮುಚ್ಚಿದರೆ ಅಲ್ಲಿ ಉಣ್ಣುತ್ತಿದ್ದ ಮಕ್ಕಳ ಊಟಕ್ಕೆ ಏನು ದಾರಿ? 2020ರಿಂದ 2022ರವರೆಗಿನ ಕೋವಿಡ್-19 ಕಾಲದಲ್ಲಿ ಮಂಡ್ಯ ಜಿಲ್ಲೆಯ ಊರೂರಿನಲ್ಲೂ ಈ ಪ್ರಶ್ನೆಗಳು ಎದ್ದವು. ಪೇಟೆಯ ಪ್ಲೇ ಹೋಮ್, ಬೇಬಿ ಸಿಟ್ಟಿಂಗ್, ಗಾರ್ಮೆಂಟ್ಸ್ ಕಾರ್ಖಾನೆಯ ಶಿಶುಪಾಲನಾ ಕೊಠಡಿಗಳನ್ನು ಬಿಟ್ಟರೆ ಇಲ್ಲಿ ಶಿಶುಪಾಲನೆ ಎಂದರೆ ಅಂಗನವಾಡಿಯೇ. ಹಾಗಾಗಿ ಈ ಲೇಖನದ ಬಹುಭಾಗ ಅಂಗನವಾಡಿಯ ಕಥೆ. ರೋಗದಿಂದ ಅತಿ ಕಡಿಮೆ ಅಪಾಯವಿದ್ದ ವಯಸ್ಸಿನವರಿಗೆ ಬಾಗಿಲು ಎಲ್ಲರಿಗಿಂತ ಕೊನೆಗೆ ತೆರೆಯಿತು ಎಂಬುದು ಈ ಕಥೆಯ ಮುಖ್ಯ ವಿಚಾರ.

ಅಂಗನವಾಡಿ ಜಾಲ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದದ್ದು 1975ರ ಅಕ್ಟೋಬರ್ 2ರಂದು, 33 ಪ್ರಾಯೋಗಿಕ ಯೋಜನೆಗಳೊಂದಿಗೆ. ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ. ಮಳವಳ್ಳಿಗೆ ಅದು ಪಕ್ಕದ ತಾಲ್ಲೂಕು. ಅಲ್ಲಿ ನೂರು ಕೇಂದ್ರಗಳಿಂದ ಶುರುವಾದ ವ್ಯವಸ್ಥೆ ಇಂದು ರಾಜ್ಯದಲ್ಲಿ 65 ಸಾವಿರ ದಾಟಿದೆ. ಹಳ್ಳಿಗಾಡಿನಲ್ಲಿ 400ರಿಂದ 800 ಜನಸಂಖ್ಯೆಗೆ ಒಂದು ಅಂಗನವಾಡಿ, 150ರಿಂದ 400 ಜನರ ಸಣ್ಣ ಊರಿಗೆ ಒಂದು ಮಿನಿ ಅಂಗನವಾಡಿ ಎಂಬುದು ಲೆಕ್ಕ. 2011ರ ಜನಗಣತಿಯಂತೆ 18 ಲಕ್ಷಕ್ಕೂ ಹೆಚ್ಚು ಜನರಿರುವ, ಅವರಲ್ಲಿ ನೂರಕ್ಕೆ 83ರಷ್ಟು ಮಂದಿ ಹಳ್ಳಿಗಳಲ್ಲೇ ಇರುವ ಮಂಡ್ಯ ಜಿಲ್ಲೆಯಲ್ಲಿ ಅಂಗನವಾಡಿಯಿಲ್ಲದ ಊರನ್ನು ಹುಡುಕುವುದೇ ಕಷ್ಟ.

ಕೇಂದ್ರವನ್ನು ನಡೆಸುವವರು ಇಬ್ಬರು: ಕಾರ್ಯಕರ್ತೆ ಮತ್ತು ಸಹಾಯಕಿ. ಮಕ್ಕಳ ಬಾಯಲ್ಲಿ ಅವರು ಮಿಸ್ಸು ಮತ್ತು ಆಯಮ್ಮ. ಅವರ ಮೇಲೆ ವೃತ್ತದ ಮೇಲ್ವಿಚಾರಕಿ, ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಎಲ್ಲರೂ ಸಿಡಿಪಿಒ ಎಂದು ಕರೆಯುವ ಅಧಿಕಾರಿ. ಮೂರರಿಂದ ಆರು ವರ್ಷದ ಮಕ್ಕಳು ದಿನವೂ ಬಂದು ಆಡಿ, ಹಾಡಿ, ಉಂಡು, ಮಲಗಿ ಹೋಗುತ್ತಾರೆ. ಆರು ತಿಂಗಳಿಂದ ಮೂರು ವರ್ಷದವರೆಗಿನ ಕೂಸುಗಳಿಗೆ ಪುಷ್ಟಿ ಪೌಡರಿನಂಥ ಆಹಾರ ಮನೆಗೇ ಹೋಗುತ್ತದೆ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಪ್ರಕಾರ ಮೂರರಿಂದ ಆರು ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಆಗ ಸಿಗಬೇಕಿತ್ತು. ತೀವ್ರ ಅಪೌಷ್ಟಿಕತೆಯ ಮಗುವಿಗೆ 800 ಕ್ಯಾಲೊರಿ. ಕರ್ನಾಟಕದಲ್ಲಿ ಇದರ ಜೊತೆಗೆ 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲಿದೆ, ಮೊಟ್ಟೆಯಿದೆ. 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆಯಡಿ ಬಸುರಿ ಬಾಣಂತಿಯರೂ ಮಧ್ಯಾಹ್ನ ಅಂಗನವಾಡಿಗೇ ಬಂದು ಬಿಸಿಯೂಟ ಮಾಡತೊಡಗಿದರು. ಇಷ್ಟೂ ಒಂದೇ ಒಲೆಯ ಅಡುಗೆ.

ಸೋಂಕಿನ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದದ್ದು ಕಟ್ಟಡ. ಕೇಂದ್ರಕ್ಕೆ ಕನಿಷ್ಠ 600 ಚದರಡಿ ಜಾಗ, ಅದರಲ್ಲಿ ಕೂರುವ ಕೋಣೆ, ಅಡುಗೆಮನೆ, ಉಗ್ರಾಣ, ಶೌಚಾಲಯ ಇರಬೇಕೆನ್ನುತ್ತದೆ ಕೇಂದ್ರ ಸರ್ಕಾರದ ನಿಯಮ. ಸ್ವಂತ ಕಟ್ಟಡವಿರುವ ಕಡೆ ಈ ಅಳತೆಗೆ ಹತ್ತಿರ ಹತ್ತಿರ ಬರುತ್ತದೆ. ಬಾಡಿಗೆ ಮನೆ, ಸಮುದಾಯ ಭವನ, ಶಾಲೆಯ ಬಿಟ್ಟುಕೊಟ್ಟ ಕೊಠಡಿಗಳಲ್ಲಿ ನಡೆಯುವ ಕೇಂದ್ರಗಳಲ್ಲಿ ಇದನ್ನು ಕೇಳುವಂತಿಲ್ಲ. ಪೇಟೆ ಬೀದಿಯ ಬಾಡಿಗೆ ಮನೆಯಾದರೆ ಎದುರಿಗೊಂದು ಬಾಗಿಲು, ಪಕ್ಕದಲ್ಲೊಂದು ಕಿಟಕಿ, ಹಿಂದೆ ಗೋಡೆ. ಗಾಳಿ ಒಳಗೆ ಬಂದರೂ ಹೊರಗೆ ಹೋಗಲು ದಾರಿ ಕಾಣದು.

ಪ್ರದೇಶದ ಸ್ವರೂಪ

ಮಂಡ್ಯ, ಮದ್ದೂರು, ಮಳವಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ತಾಯಂದಿರ ದುಡಿಮೆ ಒಂದೇ ಬಗೆಯದಲ್ಲ. ಮಂಡ್ಯ ಮತ್ತು ಮದ್ದೂರಿನ ನಾಲಾ ಬಯಲಿನಲ್ಲಿ ಭತ್ತದ ನಾಟಿ, ಕಳೆ, ಕಬ್ಬು. ಮಳವಳ್ಳಿಯ ಹಲಗೂರು ಕಡೆ ಹೊಲ ಮಳೆಯಾಶ್ರಿತ, ರಾಗಿ, ರೇಷ್ಮೆ. ಬೆಂಗಳೂರು–ಮೈಸೂರು ಹೆದ್ದಾರಿಯ ಉದ್ದಕ್ಕೂ, ಅದರಲ್ಲೂ ಮದ್ದೂರಿನ ಆಸುಪಾಸಿನಲ್ಲಿ, ಬೆಳಗ್ಗೆ ಹೆಂಗಸರನ್ನು ತುಂಬಿಕೊಂಡು ಗಾರ್ಮೆಂಟ್ಸಿಗೆ ಓಡುವ ಟೆಂಪೊ, ಬಸ್ಸುಗಳು. ನಾಟಿಯ ಕಾಲದಲ್ಲಿ ಒಂಬತ್ತಕ್ಕೆಲ್ಲ ಗದ್ದೆಯಲ್ಲಿರಬೇಕಾದ ತಾಯಿಗೆ ಅಂಗನವಾಡಿಯ ಸಮಯ ಬಹು ಮುಖ್ಯ. ಅದು ಮುಚ್ಚಿದರೆ ಮಗು ಅಜ್ಜಿಯ ಪಾಲು. ಅಜ್ಜಿಯೂ ಕೂಲಿಗೆ ಹೋಗುವವಳಾದರೆ ಗದ್ದೆಯ ಬದುವೇ ಶಿಶುವಿಹಾರ.

ಮಗು ಅಜ್ಜಿಯ ಪಾಲು ಎಂಬ ಮಾತು ಸಾಂಕ್ರಾಮಿಕದ ಲೆಕ್ಕಾಚಾರದಲ್ಲಿ ಮುಖ್ಯವಾದದ್ದು. ಕೋವಿಡ್ ಮಕ್ಕಳಿಗಿಂತ ಹೆಚ್ಚಾಗಿ ಕೊಂದದ್ದು ವಯಸ್ಸಾದವರನ್ನು. ಅಂಗನವಾಡಿ ಮುಚ್ಚಿದಾಗ ಮಕ್ಕಳು ಇಡೀ ದಿನ ಕಳೆದದ್ದು ಅದೇ ವಯಸ್ಸಾದವರ ಜೊತೆ. ಮುಚ್ಚಿದ ಕೂಡಲೇ ಮಕ್ಕಳ ಒಡನಾಟ ನಿಂತುಬಿಡುತ್ತದೆ ಎಂದು ಕಾಗದದ ಮೇಲೆ ತೋರಬಹುದು. ಹಳ್ಳಿಯಲ್ಲಿ ಅದೇ ಹತ್ತು ಮಕ್ಕಳು ಅರಳಿಕಟ್ಟೆಯ ಕೆಳಗೆ ಆಡುತ್ತಲೇ ಇದ್ದರು. ಕೈ ತೊಳೆಸುವವರು ಮಾತ್ರ ಇರಲಿಲ್ಲ.

ಲೆಕ್ಕಕ್ಕೇ ಸಿಗದ ಮಕ್ಕಳೂ ಇದ್ದಾರೆ. ಕಬ್ಬು ಕಟಾವಿಗೆ ಬಳ್ಳಾರಿ ಕಡೆಯಿಂದ ಬರುವ ಗುಂಪುಗಳು ಗದ್ದೆಯಂಚಿನಲ್ಲಿ ಟೆಂಟು ಹಾಕಿ ತಿಂಗಳುಗಟ್ಟಲೆ ಇರುತ್ತವೆ. ಆಲೆಮನೆಗಳಲ್ಲಿ ಉತ್ತರಪ್ರದೇಶ, ಬಿಹಾರದ ಕೂಲಿಗಳಿದ್ದಾರೆ. ಇವರ ಮಕ್ಕಳ ಹೆಸರು ಇಲ್ಲಿನ ಅಂಗನವಾಡಿ ದಾಖಲೆಗೆ ಸೇರುವುದು ಕಾರ್ಯಕರ್ತೆಯ ಮನಸ್ಸಿಗೆ, ಅವಳ ಬಿಡುವಿಗೆ ಬಿಟ್ಟದ್ದು. ಲಾಕ್‌ಡೌನಿನಲ್ಲಿ ಊರಿನ ಮಕ್ಕಳಿಗೆ ಮನೆ ಬಾಗಿಲಿಗೆ ಪಡಿತರ ಹೋದಾಗ ಟೆಂಟಿನ ಮಕ್ಕಳಿಗೆ ಹೋಗಲು ಮೊದಲು ಹೆಸರು ಬೇಕಿತ್ತು.

ಬಾಗಿಲು ಮುಚ್ಚಿದ ಕಾಲ

ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್-19ನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು 2020ರ ಮಾರ್ಚ್ 11ರಂದು. ದೇಶದ ಮೊದಲ ಕೋವಿಡ್ ಸಾವು ಅದರ ಹಿಂದಿನ ದಿನ ಕಲಬುರಗಿಯವರದ್ದಾಗಿತ್ತು. ಮಾರ್ಚ್ ಮಧ್ಯದ ಹೊತ್ತಿಗೆ ರಾಜ್ಯದ ಅಂಗನವಾಡಿಗಳು ಮಕ್ಕಳಿಗೆ ಬಾಗಿಲು ಮುಚ್ಚಿದವು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್. ಮಂಡ್ಯ ಜಿಲ್ಲೆಯ ಮೊದಲ ಪ್ರಕರಣಗಳು ಏಪ್ರಿಲ್ ಮೊದಲ ವಾರಗಳಲ್ಲಿ ಮಳವಳ್ಳಿಯಿಂದ ವರದಿಯಾದವು. ಪಟ್ಟಣದ ಕೆಲವು ಬೀದಿಗಳಿಗೆ ಬೇಲಿ ಬಿತ್ತು. ಮೇ ತಿಂಗಳಲ್ಲಿ ಮುಂಬಯಿಯಿಂದ ಊರಿಗೆ ಮರಳಿದವರಲ್ಲಿ ಸೋಂಕು ಕಂಡು ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳು ರಾಜ್ಯದ ಸುದ್ದಿಯಾದವು. ಹೀಗೆ ಬಂದವರಲ್ಲಿ ಸಂಸಾರ ಸಮೇತ ಬಂದವರೂ ಇದ್ದು, ಕ್ವಾರಂಟೈನ್ ಮುಗಿಸಿದ ಚಿಕ್ಕ ಮಕ್ಕಳೂ ಆಯಾ ಊರಿನ ಅಂಗನವಾಡಿಯ ಹೊಣೆಗೆ ಬಂದರು.

ಊಟದ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯವೇ ಎತ್ತಿತು. ಲಾಕ್‌ಡೌನಿಗೂ ಒಂದು ವಾರ ಮುಂಚೆ, ಮಾರ್ಚ್ 18ರಂದು, ಶಾಲೆ ಅಂಗನವಾಡಿ ಮುಚ್ಚಿದರೆ ಮಕ್ಕಳಿಗೆ ಊಟ ಹೇಗೆ ತಲುಪಿಸುತ್ತೀರಿ ಎಂದು ಅದು ತಾನಾಗಿಯೇ ಪ್ರಕರಣ ದಾಖಲಿಸಿಕೊಂಡು ರಾಜ್ಯಗಳಿಗೆ ನೋಟಿಸ್ ಕೊಟ್ಟಿತು. ಕರ್ನಾಟಕದಲ್ಲಿ ಬಿಸಿಯೂಟ ನಿಂತು ಅದರ ಬದಲು ಅಕ್ಕಿ, ಬೇಳೆಕಾಳು, ಬೆಲ್ಲ, ಹಾಲಿನ ಪುಡಿ, ಮೊಟ್ಟೆಗಳನ್ನು ಫಲಾನುಭವಿಯ ಮನೆಗೆ ಕೊಡುವ ವ್ಯವಸ್ಥೆ ಬಂತು. ಮಾತೃಪೂರ್ಣದ ತಾಯಂದಿರಿಗೂ ಅದೇ.

ಕಾಗದದಲ್ಲಿ ಒಂದೇ ವಾಕ್ಯದಲ್ಲಿ ಮುಗಿಯುವ ಈ ಬದಲಾವಣೆ ಕೇಂದ್ರದೊಳಗೆ ಹೇಗೆ ಕಾಣುತ್ತಿತ್ತು ಎಂಬುದನ್ನು ಹತ್ತಿರದಿಂದ ನೋಡಬೇಕು. ದೊಡ್ಡ ಪಾತ್ರೆಯಲ್ಲಿ ಒಟ್ಟಿಗೆ ಬೇಯುತ್ತಿದ್ದ ಅಕ್ಕಿಯನ್ನು ಈಗ ಮಗುವಿನ ಲೆಕ್ಕದಲ್ಲಿ ತೂಗಬೇಕು. ಗ್ರಾಂ ಲೆಕ್ಕದ ಬೇಳೆಗೆ ಮಕ್ಕಳನ್ನು ತೂಗುವ ತಕ್ಕಡಿ ಒಗ್ಗದು, ಅಂಗಡಿಯಿಂದ ತಕ್ಕಡಿ ತರಬೇಕು. ಒಂದೊಂದು ಮನೆಗೆ ಒಂದೊಂದು ಚೀಲ, ಚೀಲದ ಮೇಲೆ ಹೆಸರು. ಮೊಟ್ಟೆಯನ್ನು ಚೀಲದ ತಳಕ್ಕೆ ಹಾಕಿದರೆ ಒಡೆಯುತ್ತದೆ, ಮೇಲಿಟ್ಟರೆ ಉರುಳುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಅವನ್ನು ಹೆಚ್ಚು ದಿನ ಇಟ್ಟುಕೊಳ್ಳುವಂತೆಯೂ ಇಲ್ಲ. ಚೀಲ ಹೊತ್ತು ಹೋದ ಮನೆಯಲ್ಲಿ ಸಹಿ ಪಡೆಯಬೇಕು, ಆದರೆ ಪೆನ್ನು ಕೈಯಿಂದ ಕೈಗೆ ಹೋಗಬಾರದು. ಮನೆಯವರು ಜಗಲಿಯಲ್ಲಿ ಕುಳಿತು ಮಾತಿಗೆ ಎಳೆಯುತ್ತಾರೆ, ಕಾರ್ಯಕರ್ತೆ ಅಂಗಳದಲ್ಲೇ ನಿಂತು ಉತ್ತರಿಸಬೇಕು. ಊರಿನಲ್ಲಿ ಅಂಗಳದಲ್ಲೇ ನಿಂತು ಹೋಗುವುದೆಂದರೆ ಮುನಿಸಿಗೆ ಕಾರಣ.

ಮನೆಗೆ ಹೋದ ಚೀಲ ಪೂರ್ತಿ ಮಗುವಿನ ತಟ್ಟೆಗೆ ಹೋಗುವುದಿಲ್ಲ ಎಂಬುದು ಈ ವ್ಯವಸ್ಥೆಯ ಮೂಲ ಕೊರತೆ. ಅಂಗನವಾಡಿಯ ಊಟ ಮಗುವಿನದು, ಚೀಲದ ಅಕ್ಕಿ ಮನೆಯದು. ಕೂಲಿ ನಿಂತ ಮನೆಯಲ್ಲಿ ಆರು ಮಂದಿ ಹಂಚಿಕೊಂಡು ಉಂಡರೆ ಅದನ್ನು ತಪ್ಪೆನ್ನಲೂ ಆಗದು. ಕೇಂದ್ರ ಮುಚ್ಚಿದ್ದರಿಂದ ತಿಂಗಳ ತೂಕವೂ ಕ್ರಮ ತಪ್ಪಿತು. ತೋಳಿನ ಸುತ್ತಳತೆಯ ಪಟ್ಟಿ 11.5 ಸೆಂಟಿಮೀಟರಿಗಿಂತ ಕಡಿಮೆ ತೋರಿದರೆ ಮಗು ತೀವ್ರ ಅಪೌಷ್ಟಿಕತೆಯಲ್ಲಿದೆ ಎಂದರ್ಥ. ಆದರೆ ಪಟ್ಟಿ ಸುತ್ತಬೇಕಾದರೆ ಮಗುವನ್ನು ಮುಟ್ಟಬೇಕು. ಸಾಂಕ್ರಾಮಿಕಕ್ಕೆ ಸ್ವಲ್ಪ ಮುಂಚೆ, 2019ರಲ್ಲಿ, ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 32.9ರಷ್ಟು ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು ಎಂದು ಕಂಡಿತ್ತು. ಬಾಗಿಲು ಮುಚ್ಚಿದ್ದು ಇಂಥ ಮಕ್ಕಳ ಮೇಲೆ.

ಲಸಿಕೆಯದು ಇನ್ನೊಂದು ಎಳೆ. ಹಳ್ಳಿಗಳಲ್ಲಿ ಗುರುವಾರದ ಚುಚ್ಚುಮದ್ದು ಅಂಗನವಾಡಿಯಲ್ಲೇ ನಡೆಯುವುದು ರೂಢಿ. ಲಾಕ್‌ಡೌನಿನ ಮೊದಲ ವಾರಗಳಲ್ಲಿ ಇದಕ್ಕೆ ಪೆಟ್ಟು ಬಿತ್ತು. ಆಮೇಲೆ ತಾಯಂದಿರನ್ನು ಒಟ್ಟಿಗೆ ಸೇರಿಸದೆ ಹೊತ್ತು ಹಂಚಿ ಕರೆಯುವ ಪದ್ಧತಿ ಬಂತು. 2021ರ ಜನವರಿ 17ಕ್ಕೆ ಗೊತ್ತಾಗಿದ್ದ ಪಲ್ಸ್ ಪೋಲಿಯೊ ಭಾನುವಾರ, ಹಿಂದಿನ ದಿನವೇ ಕೋವಿಡ್ ಲಸಿಕೆ ಆರಂಭವಾಗಲಿದ್ದುದರಿಂದ, ಜನವರಿ 31ಕ್ಕೆ ಹೋಯಿತು. ದೊಡ್ಡವರ ರೋಗಕ್ಕೆ ಮಕ್ಕಳ ರೋಗ ದಾರಿ ಬಿಟ್ಟುಕೊಟ್ಟ ಪ್ರಸಂಗಗಳಲ್ಲಿ ಇದೂ ಒಂದು. ಎರಡೇ ವಾರದಲ್ಲಿ ಸರಿಹೋಯಿತು ಎಂಬುದು ಸಮಾಧಾನ.

ತೆರೆಯಬೇಕೆ, ಬೇಡವೆ

2020ರ ನವೆಂಬರ್ 11ರಂದು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಕಂಟೈನ್‌ಮೆಂಟ್ ವಲಯದ ಹೊರಗಿನ ಅಂಗನವಾಡಿಗಳನ್ನು ತೆರೆಯುವ ಬಗ್ಗೆ ಮಾರ್ಗಸೂಚಿ ಹೊರಡಿಸಿತು. 2021ರ ಜನವರಿ 13ರಂದು ದೀಪಿಕಾ ಜಗತ್‌ರಾಮ್ ಸಹಾನಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಇನ್ನೂ ತೆರೆಯದ ರಾಜ್ಯಗಳು ಜನವರಿ 31ರೊಳಗೆ ತೀರ್ಮಾನ ಮಾಡಬೇಕೆಂದು ಹೇಳಿತು. ಕರ್ನಾಟಕದ ಅಂಗನವಾಡಿಗಳಿಗೆ ಮಕ್ಕಳು ಮರಳುವ ಮೊದಲೇ ಎರಡನೇ ಅಲೆ ಬಂತು. ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ಕರ್ಫ್ಯೂ. ಮೊದಲ ಅಲೆ ಪೇಟೆಯದಾಗಿದ್ದರೆ ಎರಡನೆಯದು ಹಳ್ಳಿಯೊಳಕ್ಕೆ ನುಗ್ಗಿತು. ಜೂನ್ 14ರಂದು ಬೇರೆ ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಾಗಲೂ ಸೋಂಕಿನ ಪ್ರಮಾಣ ಇಳಿಯದ ಹನ್ನೊಂದು ಜಿಲ್ಲೆಗಳ ಪಟ್ಟಿಯಲ್ಲಿ ಮಂಡ್ಯದ ಹೆಸರಿತ್ತು.

ಅದೇ ಹೊತ್ತಿಗೆ ಮೂರನೇ ಅಲೆ ಮಕ್ಕಳ ಮೇಲೇ ಬರುತ್ತದೆ ಎಂಬ ಭಯ ಎಲ್ಲೆಡೆ ಹರಡಿತ್ತು. ಡಾ. ದೇವಿ ಶೆಟ್ಟಿ ನೇತೃತ್ವದ ತಜ್ಞರ ಸಮಿತಿ ಜೂನ್‌ನಲ್ಲಿ ರಾಜ್ಯ ಸರ್ಕಾರಕ್ಕೆ ವರದಿ ಕೊಟ್ಟಿತು. ಜುಲೈ 20ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತನ್ನ ನಾಲ್ಕನೇ ಸಮೀಕ್ಷೆಯ ಫಲಿತಾಂಶ ಹೊರಹಾಕಿತು: 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2, 10ರಿಂದ 17 ವರ್ಷದವರಲ್ಲಿ ಶೇ 61.6 ಮಂದಿಯ ರಕ್ತದಲ್ಲಿ ಆಗಲೇ ಪ್ರತಿಕಾಯಗಳಿದ್ದವು. ಮುಚ್ಚಿದ ಬಾಗಿಲಿನ ಹಿಂದೆ ಅರ್ಧಕ್ಕೂ ಹೆಚ್ಚು ಮಕ್ಕಳಿಗೆ ಸೋಂಕು ತಗಲಿ ಹೋಗಿತ್ತು, ಬಹುಪಾಲು ಮನೆಗಳಲ್ಲಿ ಅದು ಗೊತ್ತೇ ಆಗಿರಲಿಲ್ಲ. ಮಂಡಳಿಯ ಮಹಾನಿರ್ದೇಶಕ ಬಲರಾಮ್ ಭಾರ್ಗವ ಶಾಲೆ ತೆರೆಯುವುದಾದರೆ ಪ್ರಾಥಮಿಕದಿಂದ ಶುರು ಮಾಡುವುದು ಒಳ್ಳೆಯದೆಂದರು. ಆರು ವರ್ಷದೊಳಗಿನವರು ಆ ಸಮೀಕ್ಷೆಯಲ್ಲಿ ಇರಲಿಲ್ಲ, ಆದರೆ ವಾದದ ದಿಕ್ಕು ಸ್ಪಷ್ಟವಿತ್ತು.

ಕರ್ನಾಟಕ ಹಿಡಿದದ್ದು ವಿರುದ್ಧ ದಿಕ್ಕನ್ನು. 9ರಿಂದ 12ನೇ ತರಗತಿ ಆಗಸ್ಟ್ 23ಕ್ಕೆ, 6ರಿಂದ 8 ಸೆಪ್ಟೆಂಬರ್ 6ಕ್ಕೆ, 1ರಿಂದ 5 ಅಕ್ಟೋಬರ್ 25ಕ್ಕೆ, ಕಟ್ಟಕಡೆಗೆ ಅಂಗನವಾಡಿ ಮತ್ತು ಎಲ್‌ಕೆಜಿ, ಯುಕೆಜಿ ನವೆಂಬರ್ 8ಕ್ಕೆ. ಅದೂ ಸೋಂಕಿನ ಪ್ರಮಾಣ ಶೇ 2ಕ್ಕಿಂತ ಕಡಿಮೆಯಿರುವ ತಾಲ್ಲೂಕುಗಳಲ್ಲಿ. ಅಂಗನವಾಡಿಗೆ ಮೊದಲಿಗೆ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ. ದೊಡ್ಡ ಮಕ್ಕಳಿಗೆ ಪರೀಕ್ಷೆಯಿದೆ, ಮಾಸ್ಕ್ ಹಾಕಿಸಬಹುದು, ದೂರ ಕೂರಿಸಬಹುದು ಎಂಬುದು ಸರ್ಕಾರದ ತರ್ಕ. ಅದು ಪೂರಾ ತಪ್ಪಲ್ಲ. ಆದರೆ ಹತ್ತನೇ ತರಗತಿಯ ಹುಡುಗ ಮನೆಯಲ್ಲಿ ಹೇಗೋ ಓದಿಕೊಂಡಾನು. ನಾಲ್ಕು ವರ್ಷದ ಮಗುವಿಗೆ ಕಳೆದುಹೋದ ಇಪ್ಪತ್ತು ತಿಂಗಳನ್ನು ಆಮೇಲೆ ತುಂಬಿಕೊಡಲಾಗದು. ಮುಚ್ಚಿದಾಗ ನಾಲ್ಕೂವರೆ ತುಂಬಿದ್ದ ಮಗು ತೆರೆಯುವ ಹೊತ್ತಿಗೆ ಆರು ದಾಟಿ ನೇರ ಒಂದನೇ ತರಗತಿಗೆ ಹೋಯಿತು. ಬಳಪ ಹಿಡಿಯುವುದು, ಸಾಲಾಗಿ ಕೂರುವುದು, ತನ್ನ ತಟ್ಟೆ ತಾನೇ ತೊಳೆಯುವುದು, ಇವೆಲ್ಲವೂ ಒಂದನೇ ತರಗತಿಯ ಮೇಷ್ಟ್ರ ತಲೆಗೆ ಬಂದವು. ಎರಡು ಗಂಟೆಯ ಅಂಗನವಾಡಿಯಿಂದ ನಾಟಿಗೆ ಹೋಗುವ ತಾಯಿಗಂತೂ ಪ್ರಯೋಜನವಿರಲಿಲ್ಲ. ಅವಳು ಗದ್ದೆ ಮುಟ್ಟುವಷ್ಟರಲ್ಲಿ ಮಗು ಮನೆಗೆ ಹೊರಡುವ ಹೊತ್ತು.

ಸುರಕ್ಷತೆಯ ಕ್ರಮಗಳು

ಚಿಕ್ಕ ಮಕ್ಕಳ ಕೇಂದ್ರದಲ್ಲಿ ದೊಡ್ಡವರ ನಿಯಮ ನಡೆಯುವುದಿಲ್ಲ. ಮೂರು ವರ್ಷದ ಮಗುವಿಗೆ ಆರಡಿ ದೂರ ನಿಲ್ಲು ಎನ್ನುವುದು ವ್ಯರ್ಥ. ಮಾಸ್ಕ್ ವಿಷಯದಲ್ಲೂ ಹಾಗೆ. ಐದು ವರ್ಷದವರೆಗಿನ ಮಕ್ಕಳಿಗೆ ಮಾಸ್ಕ್ ಕಡ್ಡಾಯ ಮಾಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2020ರ ಆಗಸ್ಟ್‌ನಲ್ಲೇ ಹೇಳಿದ್ದವು. ಭಾರತದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ 2021ರ ಜೂನ್‌ನಲ್ಲಿ ಅದನ್ನೇ ಹೇಳಿತು. ಐದು ವರ್ಷದೊಳಗಿನವರಿಗೆ ದೇಶದ ಕಾರ್ಯಕ್ರಮದಲ್ಲಿ ಕೋವಿಡ್ ಲಸಿಕೆಯೂ ಇರಲಿಲ್ಲ. 15ರಿಂದ 18 ವರ್ಷದವರಿಗೆ 2022ರ ಜನವರಿ 3ರಿಂದ, 12 ತುಂಬಿದವರಿಗೆ ಮಾರ್ಚ್ 16ರಿಂದ ಬಂತು, ಅಲ್ಲಿಗೆ ನಿಂತಿತು. ದೂರವಿಲ್ಲ, ಮಾಸ್ಕ್ ಇಲ್ಲ, ಲಸಿಕೆಯಿಲ್ಲ ಎಂದಾದ ಮೇಲೆ ಉಳಿಯುವುದು ಸುತ್ತಲಿನ ದೊಡ್ಡವರು, ಗಾಳಿ, ಗುಂಪಿನ ಗಾತ್ರ, ಮತ್ತು ಹುಷಾರಿಲ್ಲದ ಮಗುವನ್ನು ಮನೆಯಲ್ಲಿ ಉಳಿಸುವುದು.

ದೊಡ್ಡವರ ಮಾತು ಮೊದಲು. ಅಂಗನವಾಡಿ ಕಾರ್ಯಕರ್ತೆಯರು 2021ರ ಜನವರಿ 16ರಂದು ಆರಂಭವಾದ ಲಸಿಕೆಯ ಮೊದಲ ಹಂತದಲ್ಲೇ, ಆರೋಗ್ಯ ಸಿಬ್ಬಂದಿಯ ಸಾಲಿನಲ್ಲೇ ಇದ್ದರು. ಕೇಂದ್ರ ಮತ್ತೆ ತೆರೆದಾಗ ಮಗುವನ್ನು ಕಳಿಸಲು ಪೋಷಕರ ಒಪ್ಪಿಗೆ ಪತ್ರ ಬೇಕಿತ್ತು, ಸಿಬ್ಬಂದಿಗೆ ಎರಡು ಡೋಸ್ ಆಗಿರಬೇಕಿತ್ತು. ಚಿಕ್ಕ ಮಕ್ಕಳ ಕೇಂದ್ರದಲ್ಲಿ ಸೋಂಕು ಹೆಚ್ಚಾಗಿ ದೊಡ್ಡವರಿಂದ ಒಳಗೆ ಬರುತ್ತದೆಂಬ ತಿಳಿವಳಿಕೆ ಇದರ ಹಿಂದಿದೆ. ಅಮೆರಿಕದಲ್ಲಿ ಯೇಲ್ ವಿಶ್ವವಿದ್ಯಾಲಯದವರು 57,335 ಶಿಶುಪಾಲನಾ ಸಿಬ್ಬಂದಿಯನ್ನು ಕೇಳಿ ನಡೆಸಿ 2020ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಅಧ್ಯಯನ, ಕೇಂದ್ರ ತೆರೆದು ಕೆಲಸ ಮಾಡಿದವರಿಗೆ ಮುಚ್ಚಿ ಮನೆಯಲ್ಲಿದ್ದವರಿಗಿಂತ ಹೆಚ್ಚು ಸೋಂಕು ತಗಲಿಲ್ಲ ಎಂದು ಕಂಡಿತು. ಆದರೆ ಆ ಕೇಂದ್ರಗಳು ಕೈ ತೊಳೆಯುವುದು, ಸಣ್ಣ ಗುಂಪುಗಳಂಥ ಕ್ರಮಗಳನ್ನು ಕಟ್ಟುನಿಟ್ಟಾಗಿ ಪಾಲಿಸಿದ್ದವು, ಸುತ್ತ ಸೋಂಕು ಮಿತಿಯಲ್ಲಿತ್ತು. ಅದೇ ವರ್ಷ ಜೂನ್, ಜುಲೈಯಲ್ಲಿ ರೋಡ್ ಐಲೆಂಡ್ ರಾಜ್ಯ 666 ಕೇಂದ್ರಗಳನ್ನು ತೆರೆಯಿತು. ಗುಂಪಿನಲ್ಲಿ 20ಕ್ಕಿಂತ ಹೆಚ್ಚು ಮಂದಿ ಇರಬಾರದು, ಒಂದು ಗುಂಪಿನ ಮಕ್ಕಳು ಇನ್ನೊಂದರೊಡನೆ ಬೆರೆಯಬಾರದು ಎಂಬುದು ಷರತ್ತು. ಎರಡು ತಿಂಗಳಲ್ಲಿ ಅಲ್ಲಿ ಕಂಡದ್ದು 52 ಪ್ರಕರಣ, ಕೇಂದ್ರದೊಳಗೇ ಒಬ್ಬರಿಂದ ಒಬ್ಬರಿಗೆ ಹರಡಿರಬಹುದೆಂಬ ಶಂಕೆ ಬಂದದ್ದು ನಾಲ್ಕು ಕಡೆ.

ಒಂದೇ ಗುಂಪು ಎನ್ನುವ ಷರತ್ತನ್ನು ಮಂಡ್ಯದ ಹಳ್ಳಿ ಅಂಗನವಾಡಿ ಹೆಚ್ಚು ಶ್ರಮವಿಲ್ಲದೆ ಪಾಲಿಸಬಲ್ಲದು. ಇಪ್ಪತ್ತು ಇಪ್ಪತ್ತೈದು ಮಕ್ಕಳು, ಎಲ್ಲರೂ ಒಂದೇ ಬೀದಿಯವರು, ಹೇಗೂ ಸಂಜೆ ಒಟ್ಟಿಗೇ ಆಡುವವರು. ಈ ಒಂದು ಅನುಕೂಲವನ್ನು ರಾಜ್ಯದ ಯಾವ ಮಾರ್ಗಸೂಚಿಯೂ ಸರಿಯಾಗಿ ಬಳಸಿಕೊಳ್ಳಲಿಲ್ಲ. ಒಂದೊಂದು ಊರೂ ಒಂದೊಂದು ಗುಂಪಾಗಿದ್ದ ಕಡೆ ಎಲ್ಲ ಕೇಂದ್ರಗಳನ್ನೂ ಒಟ್ಟಿಗೆ ಮುಚ್ಚಿ, ತಾಲ್ಲೂಕಿನ ಸರಾಸರಿ ನೋಡಿ ಒಟ್ಟಿಗೆ ತೆರೆಯಲಾಯಿತು. ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೋಂಕು ಏರಿದರೆ ಅದೇ ತಾಲ್ಲೂಕಿನ ಹಲಗೂರಿನ ಮಕ್ಕಳಿಗೆ ಊಟ ತಪ್ಪುವ ಲೆಕ್ಕ.

ಗಾಳಿಯ ವಿಚಾರ ತಡವಾಗಿ ಅರಿವಿಗೆ ಬಂತು. 2020ರಲ್ಲಿ ಎಲ್ಲರೂ ಹೆದರಿದ್ದು ಮುಟ್ಟಿದ ವಸ್ತುವಿಗೆ. ಪಂಚಾಯಿತಿಯವರು ಬೀದಿಗೆ ಸೋಡಿಯಂ ಹೈಪೊಕ್ಲೋರೈಟ್ ಸಿಂಪಡಿಸಿದರು, ಅಂಗನವಾಡಿ ಹೊಸ್ತಿಲಿಗೆ ಬ್ಲೀಚಿಂಗ್ ಪೌಡರ್ ಬಿತ್ತು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ವಸ್ತು ಮುಟ್ಟಿ ಕೋವಿಡ್ ತಗಲುವ ಸಂಭವ ಹತ್ತು ಸಾವಿರ ಸಲಕ್ಕೆ ಒಂದಕ್ಕಿಂತ ಕಡಿಮೆ ಎಂದಿತು. ರೋಗ ಹರಡುತ್ತಿದ್ದದ್ದು ಮುಖ್ಯವಾಗಿ ಉಸಿರಿನಿಂದ. ಹಾಗಾಗಿ ಕೇಂದ್ರ ತೆರೆಯುವ ಮೊದಲು ಕೇಳಬೇಕಾದ ಪ್ರಶ್ನೆ ಹೈಪೊಕ್ಲೋರೈಟ್ ಎಷ್ಟು ಲೀಟರ್ ಇದೆ ಎಂಬುದಲ್ಲ, ಎದುರು ಬದುರು ಗೋಡೆಗಳಲ್ಲಿ ತೆರೆಯುವ ಕಿಟಕಿ ಇದೆಯೇ ಎಂಬುದು. ಮಂಡ್ಯದ ಹವೆಯಲ್ಲಿ ವರ್ಷದ ಬಹುಭಾಗ ಪಾಠವನ್ನು ಹೊಂಗೆ ಮರದಡಿಯಲ್ಲೇ ಮಾಡಬಹುದು. ಮಳೆಗಾಲದ ಸಂಜೆ ಬಿಟ್ಟರೆ ಅಡ್ಡಿಯಿಲ್ಲ. ಸೊಳ್ಳೆಗೆಂದು ಕಿಟಕಿ ಮುಚ್ಚುವುದು ಇಲ್ಲಿನ ಅಭ್ಯಾಸ, ನಾಲೆಯ ನೀರಿರುವ ಊರುಗಳಲ್ಲಿ ಅದಕ್ಕೆ ಕಾರಣವೂ ಇದೆ. ಕಿಟಕಿಗೆ ಜಾಲರಿ ಹೊಡೆಸುವುದರಿಂದ ಎರಡೂ ತೊಂದರೆ ತೀರುತ್ತವೆ. ಅದಕ್ಕೆ ಬೇಕಾದದ್ದು ಪಂಚಾಯಿತಿಯ ಸಣ್ಣದೊಂದು ಖರ್ಚು.

ಬಾಗಿಲಲ್ಲಿ ನಡೆಯುವ ಕೆಲಸವೇ ದಿನದ ಮುಖ್ಯ ತಪಾಸಣೆ. ಥರ್ಮಲ್ ಸ್ಕ್ಯಾನರನ್ನು ಹಣೆಗೆ ಹಿಡಿಯುವುದು ಫೋಟೊಗೆ ಚೆನ್ನ. ಬಿಸಿಲಲ್ಲಿ ನಡೆದು ಬಂದ ಮಗುವಿನ ಹಣೆ ಬಿಸಿಯೇ ಇರುತ್ತದೆ. ಅದಕ್ಕಿಂತ ಆಯಮ್ಮನ ಕಣ್ಣು ಮೇಲು. ಮಗುವಿನ ಮೂಗು, ಕಣ್ಣಿನ ಕೆಂಪು, ನಡಿಗೆಯ ಸೊರಗು ನೋಡಿ ರಾತ್ರಿ ನಿದ್ದೆ ಬಂತಾ, ಬೆಳಗ್ಗೆ ಏನು ತಿಂತು ಎಂದು ತಾಯಿಯನ್ನು ಕೇಳಬೇಕು. “ಬರೀ ನೆಗಡಿ ಕಣಕ್ಕ, ಏನಿಲ್ಲ” ಎಂಬ ಉತ್ತರ ಗ್ಯಾರಂಟಿ. ತಾಯಿ ಸುಳ್ಳು ಹೇಳುತ್ತಿಲ್ಲ, ಅವಳಿಗೆ ಕೂಲಿಯ ಹೊತ್ತಾಗಿದೆ. ಹುಷಾರಿಲ್ಲದ ಮಗುವನ್ನು ಮನೆಗೆ ಕಳಿಸುವ ನಿಯಮ ತಾಯಿಯ ಒಂದು ದಿನದ ಕೂಲಿಯನ್ನು ಕಿತ್ತುಕೊಳ್ಳುತ್ತದೆ ಎಂಬುದನ್ನು ನಿಯಮ ಬರೆಯುವವರು ಮರೆಯುತ್ತಾರೆ. ಆ ದಿನದ ಊಟ ಮೊಟ್ಟೆಯನ್ನು ಡಬ್ಬಿಗೆ ಹಾಕಿ ಮನೆಗೇ ಕೊಟ್ಟರೆ ಅರ್ಧ ಜಗಳ ತಪ್ಪುತ್ತದೆ.

ಕೈ ತೊಳೆಸುವುದಕ್ಕೆ ಇಪ್ಪತ್ತು ಸೆಕೆಂಡ್ ಎನ್ನುತ್ತಾರೆ. ಇಪ್ಪತ್ತು ಮಕ್ಕಳಿಗೆ ಒಬ್ಬ ಆಯಮ್ಮ ಚೊಂಬಿನಲ್ಲಿ ನೀರು ಹುಯ್ಯುತ್ತ ಕೂತರೆ ಸೋಪು ಹಚ್ಚಿ ಉಜ್ಜಿ ಒರೆಸುವ ಹೊತ್ತೂ ಸೇರಿ ಕಾಲು ಗಂಟೆ ಮೀರುತ್ತದೆ. ಒಲೆಯ ಮೇಲೆ ಸಾರು ಇದ್ದರೆ ಅವಸರ ಇನ್ನೂ ಹೆಚ್ಚು. ಮಕ್ಕಳ ಎತ್ತರಕ್ಕೆ ಎರಡು ಮೂರು ನಲ್ಲಿಗಳ ಸಾಲು ಇರುವ ಕೇಂದ್ರದಲ್ಲಿ ಈ ಕೆಲಸ ಐದು ನಿಮಿಷದ್ದು. ಕೋವಿಡ್‌ಗಿಂತ ಭೇದಿಗೆ, ಜಂತುಹುಳುವಿಗೆ ಇದರಿಂದ ಹೆಚ್ಚು ತಡೆ. ಹಾಗೆಂದು ಬಿಡುವಂತಿಲ್ಲ. ಒರೆಸಲು ಒಂದೇ ಟವೆಲ್ ಇಟ್ಟರೆ ಮಾತ್ರ ತೊಳೆದದ್ದಕ್ಕೆ ಅರ್ಥವಿಲ್ಲ, ಗಾಳಿಗೆ ಒಣಗಿಸಿದರೂ ಸಾಕು.

ತಿಂಗಳುಗಟ್ಟಲೆ ಮುಚ್ಚಿದ್ದ ಕೇಂದ್ರವನ್ನು ತೆರೆಯುವ ಹಿಂದಿನ ವಾರದ ಕೆಲಸ ಬೇರೆಯೇ: ನೀರಿನ ತೊಟ್ಟಿ ಖಾಲಿ ಮಾಡಿ ಉಜ್ಜಬೇಕು, ಉಗ್ರಾಣದಲ್ಲಿ ಹುಳು ಬಿದ್ದ ಬೇಳೆ, ಅವಧಿ ಮೀರಿದ ಹಾಲಿನ ಪುಡಿಯನ್ನು ತೆಗೆಯಬೇಕು, ಗ್ಯಾಸ್ ಕೊಳವೆಯನ್ನು ಇಲಿ ಕಡಿದಿದೆಯೇ ನೋಡಬೇಕು, ಚಾಪೆ ಕೊಡವಿ ಬಿಸಿಲಿಗೆ ಹಾಕಬೇಕು.

ಕಾರ್ಯಕರ್ತೆಯ ಪಾಡು

ಇದೆಲ್ಲವನ್ನೂ ಮಾಡಬೇಕಾದವಳು ಆ ಎರಡು ವರ್ಷ ಅಂಗನವಾಡಿಯಲ್ಲಿ ಮಾತ್ರ ಇರಲಿಲ್ಲ. ಆಶಾ ಕಾರ್ಯಕರ್ತೆಯ ಜೊತೆ ಮನೆಮನೆ ಸಮೀಕ್ಷೆ, ಹೊರಗಿನಿಂದ ಬಂದವರ ಪಟ್ಟಿ, ಕ್ವಾರಂಟೈನ್ ಮನೆಗಳ ಮೇಲೆ ನಿಗಾ, ಗ್ರಾಮ ಪಂಚಾಯಿತಿ ಕಾರ್ಯಪಡೆಯ ಸಭೆ, ಲಸಿಕೆಗೆ ಜನರನ್ನು ಒಪ್ಪಿಸುವುದು ಎಲ್ಲ ಅವಳ ಮೈಮೇಲೆ. ಬೆಳಗ್ಗೆ ಸೋಂಕಿತರ ಮನೆ ಅಂಗಳದಲ್ಲಿ ನಿಂತವಳು ಮಧ್ಯಾಹ್ನ ಬಾಣಂತಿಯ ಮನೆಗೆ ಹಾಲಿನ ಪುಡಿ ಒಯ್ಯುತ್ತಿದ್ದಳು. ಸೋಂಕು ತಡೆಯ ಯಾವ ಪಾಠ ಹೇಳಿದರೂ ಇದು ತಪ್ಪು ಕ್ರಮ. ಕೂಸಿರುವ ಮನೆಗೆ ಹೋಗುವವರು ಬೇರೆ, ರೋಗಿಯ ಮನೆಗೆ ಹೋಗುವವರು ಬೇರೆ ಇರಬೇಕು. ಒಂದೇ ಊರಿಗೆ ಇಬ್ಬರೇ ಇದ್ದಾಗ ಅದು ಸಾಧ್ಯವಾಗಲಿಲ್ಲ.

ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. 2021ರ ಜೂನ್ ಆರಂಭದಲ್ಲಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಪ್ರಕಟಿಸಿದ ಎರಡನೇ ಪರಿಹಾರ ಪ್ಯಾಕೇಜಿನಲ್ಲಿ 64,423 ಕಾರ್ಯಕರ್ತೆಯರಿಗೂ 59,169 ಸಹಾಯಕಿಯರಿಗೂ ತಲಾ 2,000 ರೂಪಾಯಿ ಇತ್ತು. 2022ರ ಏಪ್ರಿಲ್ 25ರಂದು ಸರ್ವೋಚ್ಚ ನ್ಯಾಯಾಲಯ ಮಣಿಬೆನ್ ಮಗನ್‌ಭಾಯ್ ಭಾರಿಯಾ ಪ್ರಕರಣದಲ್ಲಿ ಇವರಿಗೂ ಗ್ರಾಚ್ಯುಟಿ ಹಕ್ಕಿದೆ ಎಂದಿತು. ಸುರಕ್ಷತೆಯ ಚರ್ಚೆಯಲ್ಲಿ ದುಡ್ಡಿನ ವಿಷಯವೇಕೆ ಎಂದು ಕೇಳಬಹುದು. ಜ್ವರ ಬಂದ ದಿನ ರಜೆ ಹಾಕಿದರೆ ಕೇಂದ್ರ ನಡೆಸಲು ಬದಲಿ ಇಲ್ಲ, ಹಾಗಾಗಿ ಗುಳಿಗೆ ನುಂಗಿ ಕೆಲಸಕ್ಕೆ ಬರುವುದೇ ರೂಢಿ. ಹುಷಾರಿಲ್ಲದ ಮಗುವನ್ನು ಬಾಗಿಲಲ್ಲೇ ತಡೆಯುವ ವ್ಯವಸ್ಥೆ ಹುಷಾರಿಲ್ಲದ ಕಾರ್ಯಕರ್ತೆಯನ್ನು ಒಳಗೆ ಕೂರಿಸಿಕೊಂಡರೆ ಆ ತಡೆಗೆ ಬೆಲೆಯಿಲ್ಲ. ಎರಡು ಮೂರು ಊರಿಗೆ ಸೇರಿ ತರಬೇತಿ ಪಡೆದ ಒಬ್ಬ ಬದಲಿ ಸಹಾಯಕಿ ಬೇಕೆಂಬುದು ಈ ಕಾಲದ ಅನುಭವದಿಂದ ಸಹಜವಾಗಿ ಹೊಮ್ಮುವ ಬೇಡಿಕೆ.

ಇತರ ಜಾಗಗಳು

ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂಬುದು ಆಗ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ 48ನೇ ಕಲಮಾಗಿತ್ತು. ಸಾಂಕ್ರಾಮಿಕದಲ್ಲಿ ಕಾರ್ಖಾನೆ ಅಂಗನವಾಡಿಗಿಂತ ಬಹಳ ಮೊದಲೇ ತೆರೆದುಕೊಂಡಿತು. ಯಂತ್ರ ನಡೆಯಿತು, ಮಗುವಿಗೆ ಜಾಗ ಉಳಿಯಲಿಲ್ಲ. ಪೇಟೆಯ ಪ್ಲೇ ಹೋಮ್‌ಗಳು ಬಾಡಿಗೆ ಕಟ್ಟಲಾಗದೆ ಒದ್ದಾಡಿದವು. ಅಂಗನವಾಡಿಯ ಹಾಗೆ ಅವಕ್ಕೆ ಸರ್ಕಾರಿ ಅಕ್ಕಿ ಇಲ್ಲ, ಮೇಲ್ವಿಚಾರಕಿಯೂ ಇಲ್ಲ. ಬಾಲಮಂದಿರದಂಥ ವಸತಿ ಸಂಸ್ಥೆಗಳ ಮಕ್ಕಳ ಬಗ್ಗೆ 2020ರ ಏಪ್ರಿಲ್ 3ರಂದು ಸರ್ವೋಚ್ಚ ನ್ಯಾಯಾಲಯ ಬೇರೆಯೇ ನಿರ್ದೇಶನಗಳನ್ನು ಕೊಟ್ಟಿತು. ಮುಚ್ಚಿದರೆ ಹೋಗಲು ಮನೆಯಿಲ್ಲದ ಮಕ್ಕಳು ಅವರು. ತಂದೆ ತಾಯಿ ಇಬ್ಬರನ್ನೂ ಕೋವಿಡ್‌ಗೆ ಕಳೆದುಕೊಂಡವರಿಗೆ ರಾಜ್ಯ 2021ರ ಮೇ ಕೊನೆಯಲ್ಲಿ ತಿಂಗಳಿಗೆ 3,500 ರೂಪಾಯಿಯ ಬಾಲ ಸೇವಾ ಯೋಜನೆ ಘೋಷಿಸಿತು.

2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಬಂದಿವೆ. ಮೂರು ವರ್ಷದೊಳಗಿನ, ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳಿಗೆಂದು ತೆರೆದ ಈ ಕೇಂದ್ರಗಳಲ್ಲಿ ಸೋಂಕಿನ ಪ್ರಶ್ನೆ ಅಂಗನವಾಡಿಗಿಂತ ಸೂಕ್ಷ್ಮ. ಈ ವಯಸ್ಸಿನ ಕೂಸು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ, ಎತ್ತಿಕೊಳ್ಳದೆ ಸಮಾಧಾನವಾಗದು, ಬಟ್ಟೆ ಬದಲಿಸಬೇಕು. ಎತ್ತಿಕೊಂಡವರ ಹೆಗಲ ಮೇಲೆಯೇ ಅದರ ಸಿಂಬಳ ಜೊಲ್ಲೆಲ್ಲ.

ಸಾಂಕ್ರಾಮಿಕ ಬೇರೆಯಾದರೆ ಕ್ರಮವೂ ಬೇರೆ. 2022ರ ಮೇ ತಿಂಗಳಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಐದು ವರ್ಷದೊಳಗಿನ 80ಕ್ಕೂ ಹೆಚ್ಚು ಮಕ್ಕಳಿಗೆ ಕೈ, ಕಾಲು, ಬಾಯಿಯಲ್ಲಿ ಗುಳ್ಳೆ ಏಳುವ ಜ್ವರ ಕಾಣಿಸಿಕೊಂಡು, ಪತ್ರಿಕೆಗಳಲ್ಲಿ ‘ಟೊಮ್ಯಾಟೊ ಜ್ವರ’ ಎಂದು ಹೆಸರಾಯಿತು. ಇಂಥ ರೋಗಕ್ಕೆ ಕಿಟಕಿ ತೆರೆಯುವುದಕ್ಕಿಂತ ಆಟಿಕೆ ತೊಳೆಯುವುದು ಮುಖ್ಯ, ಏಕೆಂದರೆ ಅದು ಗುಳ್ಳೆಯ ನೀರು, ಜೊಲ್ಲು, ಮಲದಿಂದ ಹರಡುತ್ತದೆ. ಕೋವಿಡ್‌ನಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದ ಬ್ಲೀಚಿಂಗ್ ಇಲ್ಲಿ ಬೇಕು. ಅಮ್ಮ ಎಂದು ಹಳ್ಳಿಯಲ್ಲಿ ಕರೆಯುವ ಚಿಕನ್‌ಪಾಕ್ಸ್ ಬಂದ ಮಗುವನ್ನು ಗುಳ್ಳೆಗಳೆಲ್ಲ ಒಣಗಿ ಹಕ್ಕಳೆ ಕಟ್ಟುವವರೆಗೂ ಕೇಂದ್ರಕ್ಕೆ ಕರೆತರಬಾರದು. ಅಮ್ಮ ಬಂದ ಮನೆಗೆ ಯಾರೂ ಹೋಗದಿರುವ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವ ಪದ್ಧತಿ ಇಲ್ಲಿ ಇನ್ನೂ ಇದೆ. ಹುಷಾರಿಲ್ಲದ ಮಗುವನ್ನು ಕಳಿಸಬೇಡಿ ಎಂದು ವಾದ ಮಾಡಬೇಕಾಗದ ಏಕೈಕ ರೋಗ ಅದು. ನೆಗಡಿಗೆ, ಜ್ವರಕ್ಕೆ ಹಾಗೆ ಬಾಗಿಲಿಗೆ ಸಿಕ್ಕಿಸುವ ಗುರುತಿಲ್ಲ. ಆ ತೀರ್ಮಾನ ಬೆಳಗ್ಗೆ ಒಂಬತ್ತೂವರೆಗೆ, ಕೂಲಿಗೆ ಹೊರಟ ತಾಯಿ ಮತ್ತು ಆಯಮ್ಮನ ನಡುವೆ, ಅಂಗನವಾಡಿಯ ಬಾಗಿಲಲ್ಲೇ ಆಗಬೇಕು.